ಬಟ್ಟೆ ಟಾಪಿನ ಕಾರೂ ನನ್ನ ಕೈಗುಣವೂ

ಬ್ಯಾಟರಾಯನಪುರದ ನನ್ನ ಆಟೋ ಎಲೆಕ್ಟ್ರಿಕಲ್ಸ್ ಅಂಗಡಿಗೆ ಬಂದು ಒಂದು ಗಂಟೆ ಸುಮ್ಮನೆ ಕೂತರೆ ಸಾಕು, ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಹಾರ್ನ್ ಸದ್ದು ಜಾಸ್ತಿ ಮಾಡಿಕೊಡು ಎಂದು ಬಂದವರು, ಎರಡು ದಿನ ಬಿಟ್ಟು ಹೆಂಡತಿಯ ಜೊತೆ ಬಂದು ಕಮ್ಮಿ ಮಾಡಿಕೊಡು ಅನ್ನುತ್ತಾರೆ. ಒಳಗೆ ಏನೋ ಗಿಲಿಗಿಲಿ ಅನ್ನುತ್ತಿದೆ ಎಂದು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿಸಿದವರ ಸೀಟಿನ ಕೆಳಗೆ ಮಗುವಿನ ಗಿಲಿಕೆ ಸಿಗುತ್ತದೆ. ಇಂಥವು ವಾರಕ್ಕೊಂದು ಇದ್ದೇ ಇರುತ್ತವೆ. ಆದರೆ ಒಂದು ಮಳೆಗಾಲದಲ್ಲಿ ಮೂರು ವಾರ ನನ್ನ ಅಂಗಡಿ ಮುಂದೆ ನಿಂತಿದ್ದ ಕೆಂಪು ಕಾರಿನ ಮುಂದೆ ಇವೆಲ್ಲ ಏನೂ ಅಲ್ಲ.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಕಮ್ಮಿ ಮಾಡಿ ಹೇಳ್ತಾರೆ. ದೊಡ್ಡಬಳ್ಳಾಪುರದ ಆಚೆ ನಮ್ಮ ಹಳ್ಳಿ. ಹತ್ತನೇ ಕ್ಲಾಸಿನಲ್ಲಿದ್ದಾಗಲೇ ಊರಿನ ಅಷ್ಟೂ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ನಾನೇ ಡಾಕ್ಟರು. ಪುಸ್ತಕ ಓದಿ ಕಲಿತ ವಿದ್ಯೆ ನಂದಲ್ಲ. ಗಾಡಿ ಜೊತೆ ಕೊಡೋ ಪುಸ್ತಕವನ್ನು ನಾನು ಇವತ್ತಿನವರೆಗೂ ತೆರೆದಿಲ್ಲ. ಕೈ ಇಟ್ಟರೆ ವೈರೇ ಮಾತಾಡುತ್ತದೆ. ಕೈಗುಣ ಅಂದರೆ ಅದು.

೧. ಪ್ರಾಕ್ಟಿಕಲ್ ಪರೀಕ್ಷೆ

ಆಗ ನನ್ನ ಸೋದರಮಾವ ರಾಜಾನುಕುಂಟೆಯಲ್ಲಿ ನನಗೊಂದು ಸಂಬಂಧ ನೋಡಿದ್ದ. ಹುಡುಗಿ ಯಲಹಂಕದ ಒಂದು ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಫೋಟೋ ನೋಡಿದೆ. ಎರಡನೇ ಸಲ ನೋಡಿದೆ. ಮೂರನೇ ಸಲ ನೋಡುವಾಗ ಅಮ್ಮ ಫೋನ್ ಕಿತ್ತುಕೊಂಡಳು. ನನ್ನ ಕಡೆಯಿಂದ ಒಪ್ಪಿಗೆ ಆವತ್ತೇ ಆಗಿಹೋಗಿತ್ತು.

ತೊಂದರೆ ಇದ್ದದ್ದು ಹುಡುಗಿಯ ತಂದೆಯ ಕಡೆಯಿಂದ. ಅವರು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಅವರ ಮುಂದೆ ಕೂತು ನಮ್ಮ ಮಾವ, "ಹುಡುಗ ಎಲ್ಲಾ ಗಾಡಿ ರಿಪೇರಿ ಮಾಡ್ತಾನೆ" ಅಂದಿದ್ದಾನೆ.

"ಎಲ್ಲಾ ಅಂದ್ರೆ?"

"ಎಲ್ಲಾನೂವೆ. ಈಗ ಅಂಗಡೀಲಿ ಟಾಪ್ ತೆಗೆಯೋ ಕಾರು ನಿಂತದೆ. ಬಟನ್ ಒತ್ತುದ್ರೆ ತಾನೇ ಮಡಚ್ಕೊಳ್ಳೋದು. ಅದನ್ನ ರಿಪೇರಿ ಮಾಡೋರು ಇಡೀ ಬೆಂಗಳೂರಲ್ಲಿ ಇವನೊಬ್ಬನೇ."

ಮಾವ ಹೇಳಿದ್ದು ಸುಳ್ಳಲ್ಲ. ಫೋನಿನಲ್ಲಿ ನಾನೇ ಅವನಿಗೆ ಹಾಗೆ ಹೇಳಿದ್ದೆ. ಆದರೆ ಆ ಕಾರು ನನ್ನ ಅಂಗಡಿಗೆ ಬಂದು ಆಗ ಎರಡು ಗಂಟೆ ಆಗಿತ್ತು. ಬಾನೆಟ್ ಕೂಡ ಎತ್ತಿರಲಿಲ್ಲ.

ಹುಡುಗಿಯ ತಂದೆ ತುಂಬಾ ಶಾಂತವಾಗಿ ಹೇಳಿದರಂತೆ: "ನೋಡಪ್ಪ, ಬಾಯಲ್ಲಿ ರಿಪೇರಿ ಮಾಡೋರನ್ನ ಡಿಪೋದಲ್ಲಿ ಬೇಕಾದಷ್ಟು ಜನ ನೋಡಿದೀನಿ. ಮೂರು ವಾರ ಟೈಮ್ ತಗೊಳ್ಳಿ. ಮೂರನೇ ಭಾನುವಾರ ಆ ಕಾರು ತಗೊಂಡು ಬರ್ಲಿ. ನಮ್ಮ ಮನೆ ಮುಂದೆ ಟಾಪ್ ತೆಗೆದು, ಮುಚ್ಚಿ ತೋರಿಸ್ಲಿ. ಆಮೇಲೆ ಕಾಫಿ ಕುಡಿಯೋಣ."

ಬೇರೆ ಗಂಡುಗಳಿಗೆ ಸಂಬಳ ಎಷ್ಟು ಅಂತ ಕೇಳಿ ಬಿಟ್ಟುಬಿಡುತ್ತಾರೆ. ನನಗೆ ಪ್ರಾಕ್ಟಿಕಲ್ ಇಟ್ಟಿದ್ದರು, ಅದೂ ಸಿಲಬಸ್ಸಿನಲ್ಲೇ ಇಲ್ಲದ ಗಾಡಿಯಲ್ಲಿ.

೨. ಚೀಲ ಇಳಿದ ಗಳಿಗೆ

ಕಾರಿನ ಮಾಲೀಕರು ಗದಗ ಕಡೆಯ ಮೇಷ್ಟ್ರು. ಯಲಹಂಕದ ಒಂದು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು, ಮನೆ ಆರ್.ಟಿ. ನಗರದಲ್ಲಿ. ಸಣ್ಣವರಿದ್ದಾಗಿಂದ ಅವರಿಗೆ ಟಾಪ್ ಇಲ್ಲದ ಕಾರಿನಲ್ಲಿ ಕೂದಲು ಹಾರಿಸಿಕೊಂಡು ಹೋಗಬೇಕು ಅಂತ ಆಸೆ. ಕಾರು ಕೊಳ್ಳುವ ಹೊತ್ತಿಗೆ ಕೂದಲು ಇರಲಿಲ್ಲ, ಆಸೆ ಹಾಗೇ ಇತ್ತು. ಹತ್ತು ವರ್ಷ ಹಳೆಯ, ಎರಡು ಬಾಗಿಲಿನ, ಕಪ್ಪು ಬಟ್ಟೆ ಟಾಪಿನ ಕೆಂಪು ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹಿಡಿದಿದ್ದರು.

"ತಮ್ಮಾ, ಎಲ್ಲಾ ಚಲೋ ಅದ. ಟಾಪ್ ಒಂದು ತಗೀವಲ್ತು. ಬ್ರೇಕ್ ಒತ್ತಿದ್ರ ಇಂಡಿಕೇಟರ್ ಮಿಣುಕ್ತದ. ರಿವರ್ಸ್ ಹಾಕಿದ್ರ ರೇಡಿಯೋ ಬಂದ್ ಆಗ್ತದ. ಬಾಗಿಲು ತಗದ್ರ ಕಿಟಕಿ ಗಾಜು ಕೆಳಗ ಇಳೀತದ. ಇಷ್ಟ."

"ಇಷ್ಟೇನಾ ಸಾರ್? ಸಂಜೆ ಬಂದು ತಗೊಂಡು ಹೋಗಿ" ಅಂದೆ.

ಎರಡು ದಿನ ಕಳೆಯಿತು. ಅಷ್ಟೂ ಫ್ಯೂಸ್ ಕಿತ್ತು ಉಜ್ಜಿ ಹಾಕಿದೆ. ರಿಲೇ ಬದಲಾಯಿಸಿದೆ. ಬಟನ್ ಬಿಚ್ಚಿ ಕ್ಲೀನ್ ಮಾಡಿದೆ. ಒತ್ತಿದರೆ ಟಿಂಗ್ ಅನ್ನುತ್ತಿತ್ತು, ಅಷ್ಟೇ. ಮೂರನೇ ದಿನ ಮೇಷ್ಟ್ರ ಹೆಂಡತಿ ಆಟೋ ಮಾಡಿಕೊಂಡು ಬಂದರು. ಕಾರಿನ ಬಗ್ಗೆ ಕೇಳೋಕೆ ಬಂದದ್ದಲ್ಲ. ಡಿಕ್ಕಿಯಲ್ಲಿ ಊರಿಂದ ತಂದ ಜೋಳದ ಚೀಲ ಇತ್ತು, ಗಿರಣಿಗೆ ಹಾಕಿಸಬೇಕಿತ್ತು.

"ಮನ್ಯಾಗ ಹಿಟ್ಟಿಲ್ರೀ. ಇವರು ಎರಡು ದಿನದಿಂದ ಅನ್ನ ಉಣ್ಣಾಕತ್ತು ಮಾರಿ ಸಣ್ಣ ಮಾಡ್ಕೊಂಡಾರ" ಅಂದರು.

ಚೀಲದ ಮೂಲೆ ಹರಿದು ಡಿಕ್ಕಿ ತುಂಬಾ ಕಾಳು ಚೆಲ್ಲಿತ್ತು. ನಾನೂ ಆಟೋದವನೂ ಸೇರಿ ಚೀಲ ಇಳಿಸಿದೆವು. ಡಿಕ್ಕಿಗೇ ಕೀಲು ಹಾಕಿ ಅಡ್ಡಕ್ಕೆ ಕೂರಿಸಿದ್ದ ಒಂದು ಅಗಲವಾದ ಪ್ಲಾಸ್ಟಿಕ್ ತಟ್ಟೆ ಚೀಲಕ್ಕೆ ಒರಗಿ ಮೇಲೆದ್ದಿತ್ತು, ಅದು ಟಪ್ ಎಂದು ಕೆಳಗೆ ಬಿತ್ತು. ಡಿಕ್ಕಿ ಮುಚ್ಚಿ, ಇನ್ನೊಂದು ಸಲ ನೋಡೋಣ ಅಂತ ಬಟನ್ ಒತ್ತಿದೆ.

ಟಾಪ್ ಎದ್ದಿತು. ಮಡಚಿತು. ಹಿಂದೆ ಹೋಗಿ ಮಲಗಿತು. ಪಕ್ಕದ ಪಂಕ್ಚರ್ ಅಂಗಡಿಯವರು ಎದ್ದು ನಿಂತು ನೋಡಿದರು.

"ನೋಡಿದ್ರಾ ಮೇಡಂ? ಕೈಗುಣ" ಅಂದೆ.

ಆ ಖುಷಿಯಲ್ಲಿ ನನ್ನ ಅಂಗಡಿ ಸ್ಟಿಕರ್ ಒಂದನ್ನು ಕಾರಿಗೆ ಅಂಟಿಸಿದೆ. ಹೆಸರು, ಫೋನ್ ನಂಬರ್, ಕೆಳಗೆ "ಎಲ್ಲಾ ಕಾರುಗಳ ತಜ್ಞರು" ಅಂತ ಇರೋದು. ಗಾಜಿಗೆ ಬೇಡ ಅಂತ ಮೇಡಂ ಹೇಳಿದ್ದಕ್ಕೆ ಡಿಕ್ಕಿಯೊಳಗೆ ಜಾಗ ಹುಡುಕಿದೆ. ಆ ಪ್ಲಾಸ್ಟಿಕ್ ತಟ್ಟೆ ಮೇಲೆ ಅದಾಗಲೇ ಏನೋ ಚಿತ್ರ ಬರೆದ ಹಳೇ ಸ್ಟಿಕರ್ ಇತ್ತು. ಅದರ ಮೇಲೇ ನಂದು ಹಾಕಿ, ಗುಳ್ಳೆ ಏಳದ ಹಾಗೆ ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿದೆ. ಮೂರು ದಿನದಲ್ಲಿ ನಾನು ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ.

೩. ಅರ್ಧ ಇಂಚು

ಟಾಪ್ ಆಯಿತು. ಮುಂದಿನದು ಕಿಟಕಿ. ಬಾಗಿಲು ತೆಗೆದಾಗೆಲ್ಲ ಗಾಜು ಅರ್ಧ ಇಂಚು ಕೆಳಗೆ ಇಳಿಯುತ್ತಿತ್ತು, ಹಾಕಿದ ಮೇಲೆ ಮೇಲಕ್ಕೆ ಹೋಗುತ್ತಿತ್ತು. ನೋಡಿದ ತಕ್ಷಣ ಹೇಳಿದೆ: "ಸಾರ್, ಇದು ಶಾರ್ಟ್. ಬಿಟ್ಟರೆ ಬೆಂಕಿ ಹತ್ತುತ್ತೆ."

ಒಂದಿಡೀ ದಿನ ಹಿಡಿಯಿತು. ಬಾಗಿಲಿನ ಒಳಗಿನ ಹೊದಿಕೆ ಬಿಚ್ಚಿ, ವೈರ್ ಒಂದೊಂದೇ ಹಿಡಿದು, ಕೊನೆಗೆ ಗಾಜನ್ನು ಇಳಿಸುತ್ತಿದ್ದ ಹಸಿರು ವೈರನ್ನು ಪತ್ತೆ ಮಾಡಿ ಕತ್ತರಿಸಿದೆ. ಬಾಗಿಲು ತೆಗೆದೆ, ಗಾಜು ಅಲ್ಲಾಡಲಿಲ್ಲ. ಇನ್ನೊಂದು ಬಾಗಿಲಿಗೂ ಅದೇ ಚಿಕಿತ್ಸೆ ಮಾಡಿದೆ.

ಮೇಷ್ಟ್ರು ಸಂಜೆ ಬಂದು ಒಳಗೆ ಕೂತು ಬಾಗಿಲು ಎಳೆದುಕೊಂಡರು. ಬಾಗಿಲು ಹಾಕಿಕೊಳ್ಳಲಿಲ್ಲ. ಗಾಜಿನ ತುದಿ ಟಾಪಿನ ರಬ್ಬರಿಗೆ ಬಡಿದು ನಿಂತಿತು. ಜೋರಾಗಿ ಎಳೆದರು, ಇನ್ನೂ ಜೋರಾಗಿ ಬಡಿಯಿತು.

ಅವರು ಸ್ವಲ್ಪ ಹೊತ್ತು ಗಾಜನ್ನೂ ರಬ್ಬರನ್ನೂ ನೋಡುತ್ತಾ ಕೂತರು. ಲೆಕ್ಕದ ಮೇಷ್ಟ್ರಲ್ಲವೇ, ಬೋರ್ಡಿನ ಮೇಲೆ ಬರೆದ ಹಾಗೆ ಹಂತಹಂತವಾಗಿ ಹೇಳಿದರು: "ತಮ್ಮಾ, ಈ ಗಾಜಿಗೆ ಚೌಕಟ್ಟಿಲ್ಲ. ಮ್ಯಾಲ ಟಾಪಿನ ರಬ್ಬರ್ ಅದ. ಬಾಗಿಲು ಹಾಕೂಮುಂದ ಗಾಜು ಅರ್ಧ ಇಂಚು ಕೆಳಗ ಇದ್ರನ ಒಳಗ ಹೊಕ್ಕಾತು. ಆಮ್ಯಾಲ ಮ್ಯಾಲ ಏರಿ ರಬ್ಬರಿಗೆ ಕೂತಾತು. ಹಂಗಾರ ಅದು ರೋಗ ಅಲ್ಲ."

"ಅಲ್ಲ ಸಾರ್."

"ಕಾರು ಮಾಡಿದವ ಬೇಕಂತ ಕೊಟ್ಟಾನ."

"ಹೌದು ಸಾರ್. ಅವನು ಸರಿಯಾಗಿ ಕೊಟ್ಟಿದ್ದಾನಾ ಅಂತ ಚೆಕ್ ಮಾಡಿದೆ" ಅಂದೆ.

ಮರುದಿನ ಎರಡೂ ವೈರ್ ಮತ್ತೆ ಜೋಡಿಸಿದೆ. ಇಲ್ಲದ ರೋಗವನ್ನು ಒಂದೇ ದಿನದಲ್ಲಿ ವಾಸಿ ಮಾಡಿ, ಮಾರನೇ ದಿನ ವಾಪಸ್ ತಂದುಕೊಟ್ಟ ಎಲೆಕ್ಟ್ರಿಷಿಯನ್ ನಾನೊಬ್ಬನೇ ಇರಬೇಕು.

೪. ಹೆಬ್ಬಾಳದಲ್ಲಿ ಸ್ನಾನ

ಎರಡನೇ ವಾರ. ಭಾನುವಾರದ ಪರೀಕ್ಷೆಗೆ ಕಾರು ಕೊಡುತ್ತೇನೆ ಅಂತ ಮೇಷ್ಟ್ರು ಮಾತು ಕೊಟ್ಟಿದ್ದರು. "ನಿನ್ನ ಲಗ್ನ ನನ್ನ ಕಾರಿಂದ ನಿಂತಿತು ಅನ್ನೂ ಹೆಸರು ನನಗ ಬ್ಯಾಡಪಾ" ಅಂದಿದ್ದರು. ಅದಕ್ಕೂ ಮೊದಲು ಒಂದು ಟೆಸ್ಟ್ ಡ್ರೈವ್ ಆಗಲಿ ಎಂದು ಮೇಷ್ಟ್ರು, ಮೇಡಂ, ನಾನು ಮೂವರೂ ಹೊರಟೆವು. ಟಾಪ್ ತೆಗೆದಿತ್ತು. ಬಿಸಿಲು ಚೆನ್ನಾಗಿತ್ತು. ಮೇಷ್ಟ್ರು ಇಲ್ಲದ ಕೂದಲನ್ನು ಒಂದೆರಡು ಸಲ ಹಿಂದಕ್ಕೆ ಸವರಿಕೊಂಡರು.

ಹೆಬ್ಬಾಳದ ಹತ್ತಿರ ಬರುವಷ್ಟರಲ್ಲಿ ಮೋಡ. ಫ್ಲೈಓವರ್ ಹತ್ತುತ್ತಿದ್ದ ಹಾಗೆ ಟ್ರಾಫಿಕ್ ನಿಂತಿತು, ಮಳೆ ಶುರುವಾಯಿತು.

"ತಮ್ಮಾ, ಮುಚ್ಚಪಾ."

ಬಟನ್ ಒತ್ತಿದೆ. ಟಾಪ್ ಎದ್ದು ನಡುಮಧ್ಯಕ್ಕೆ ಬಂದು ಆಕಾಶಕ್ಕೆ ಕೈ ಮುಗಿದ ಹಾಗೆ ನಿಂತುಬಿಟ್ಟಿತು. ಅತ್ತ ಇಲ್ಲ, ಇತ್ತ ಇಲ್ಲ. ಒಳಗೆ ಧಾರಾಕಾರ ಮಳೆ. ಮೇಡಂ ಹಿಂದಿನ ಸೀಟಿನಲ್ಲಿ ಬ್ಯಾಗಿನಿಂದ ಕೊಡೆ ತೆಗೆದು ಬಿಚ್ಚಿದರು.

"ಎರಡು ಚಕ್ರದ ಗಾಡಿ ಬ್ಯಾಡ, ಮಳ್ಯಾಗ ತೋಯ್ತೀವಿ ಅಂತ ಹೇಳಿ ಕಾರು ತಗೊಂಡ್ರಿ" ಅಂದರು ಗಂಡನಿಗೆ. ಮೇಷ್ಟ್ರು ಸ್ಟೇರಿಂಗ್ ಹಿಡಿದು ನೇರ ನೋಡುತ್ತಿದ್ದರು.

ಪಕ್ಕದಲ್ಲಿ ನಿಂತ ಬಸ್ಸಿನ ಕಿಟಕಿಗಳೆಲ್ಲ ತುಂಬಿಹೋದವು. ಮೇಲಿಂದ ಒಬ್ಬ ಕೇಳಿದ: "ಗುರು, ನಲ್ಲಿ ಯಾವ ಕಡೆ ಐತೆ? ಬಿಸಿನೀರು ಬರುತ್ತಾ?"

"ಸೋಪು ಹಾಕ್ಲಾ?" ಅಂದ ಇನ್ನೊಬ್ಬ.

ಟ್ರಾಫಿಕ್ ಪೊಲೀಸ್ ರೈನ್‌ಕೋಟ್ ಹಾಕಿಕೊಂಡು ನಡೆದು ಬಂದರು. ಅರ್ಧ ಎದ್ದ ಟಾಪು, ಕೊಡೆ ಹಿಡಿದ ಮೇಡಂ, ನೆನೆದು ಹೊಳೆಯುತ್ತಿದ್ದ ಮೇಷ್ಟ್ರ ತಲೆ, ಸೀಟಿನ ಮೇಲೆ ನಿಂತು ಟಾಪನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದ ನಾನು, ಎಲ್ಲವನ್ನೂ ಒಂದು ಸುತ್ತು ನೋಡಿದರು. ದಂಡದ ಮಷಿನ್ ಹೊರಗೆ ತೆಗೆದರು, ಸ್ವಲ್ಪ ಯೋಚಿಸಿ ಮತ್ತೆ ಒಳಗಿಟ್ಟರು.

"ಯಾವ ಕೇಸ್ ಹಾಕ್ಬೇಕು ಅಂತ ನಂಗೇ ಗೊತ್ತಾಗ್ತಿಲ್ಲ ಕಣ್ರೀ. ಹೋಗಿ, ಮೊದ್ಲು ಮೈ ಒರೆಸ್ಕೊಳ್ಳಿ."

೫. ಡಿಕ್ಕಿಯ ಬೆಳೆ

ಪರೀಕ್ಷೆಗೆ ಉಳಿದದ್ದು ಆರು ದಿನ. ಅಮ್ಮ ಊರಿಂದ ದಿನಾ ಫೋನ್ ಮಾಡಿ, "ಟಾಪು ಎದ್ದೇಳ್ತದೇನ್ಲಾ?" ಅಂತ ಕೇಳುತ್ತಿದ್ದಳು, ಮನೆಯಲ್ಲಿ ಯಾರೋ ಹುಷಾರಿಲ್ಲದೆ ಮಲಗಿದ್ದಾರೆ ಅನ್ನೋ ಹಾಗೆ.

ಸಾವಕಾಶವಾಗಿ ಕೂತು ಯೋಚನೆ ಮಾಡಿದೆ. ಬ್ರೇಕ್ ಲೈಟು, ರೇಡಿಯೋ, ಟಾಪಿನ ಮೋಟಾರು, ಮೂರರ ವೈರೂ ಹೋಗುವುದು ಡಿಕ್ಕಿಯ ಎಡಮೂಲೆಗೆ. ಅಲ್ಲಿನ ಕಾರ್ಪೆಟ್ ಎತ್ತಿದೆ. ನೀರು ನಿಂತಿತ್ತು. ಅರ್ತ್ ವೈರಿನ ಬೋಲ್ಟು ತುಕ್ಕು ಹಿಡಿದು ಕೆಂಪಗಾಗಿತ್ತು. ಮೋಟಾರಿನ ಪ್ಲಗ್ಗಿನಲ್ಲಿ ಹಸಿರು ಪುಡಿ ಕೂತಿತ್ತು. ಇಷ್ಟು ನೀರು ಎಲ್ಲಿಂದ? ಇಂಥ ಕಾರಿನಲ್ಲಿ ಟಾಪಿನ ಮೇಲೆ ಬಿದ್ದ ಮಳೆ ಎರಡು ಬದಿಯ ಕಾಲುವೆಗೆ ಇಳಿದು, ಸಣ್ಣ ತೂತಿನಿಂದ ಚಕ್ರದ ಹಿಂದೆ ಹೊರಗೆ ಹೋಗಬೇಕು. ಎಡಗಡೆ ತೂತು ಕಟ್ಟಿಕೊಂಡಿತ್ತು. ಟಾರ್ಚ್ ಹಾಕಿ ಇಣುಕಿದೆ.

ಒಳಗೆ ಹಸಿರು ಕಾಣಿಸಿತು. ವೈರು ಅಂದುಕೊಂಡೆ. ಮುಟ್ಟಿ ನೋಡಿದರೆ ಮೆತ್ತಗಿತ್ತು.

ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಪಾಚಿ ಅಂದುಬಿಡುತ್ತಿದ್ದ. ನಾನು ಹಳ್ಳಿಯವನು. ಎಲೆ ನೋಡಿದ ತಕ್ಷಣ ಗೊತ್ತಾಯಿತು. ಮೇಷ್ಟ್ರಿಗೆ ಫೋನ್ ಹಚ್ಚಿದೆ: "ಸಾರ್, ಪ್ರಾಬ್ಲಂ ಸಿಕ್ಕಿತು. ನಿಮ್ಮ ಕಾರಲ್ಲಿ ಜೋಳ ಬಂದಿದೆ."

"ಚೀಲ ತಗದೀವಲ್ಲಪಾ."

"ಚೀಲ ಅಲ್ಲ ಸಾರ್. ಬೆಳೆ."

ಗಂಡ ಹೆಂಡತಿ ಇಬ್ಬರೂ ಬಂದರು. ಚೀಲದ ಹರಿದ ಮೂಲೆಯಿಂದ ಚೆಲ್ಲಿದ ಕಾಳು ಕಾಲುವೆಗೆ ಉರುಳಿ, ಧೂಳು ಗೊಬ್ಬರವಾಗಿ, ಮಳೆಗಾಲದ ಮೊದಲ ಮಳೆಯಿಂದ ಹೆಬ್ಬಾಳದ ಮಳೆಯವರೆಗೆ ಎಲ್ಲಾ ನೀರು ಕುಡಿದು, ಗೇಣುದ್ದ ಎದ್ದು ನಿಂತಿತ್ತು. ಬೇರು ಹೆಣೆದುಕೊಂಡು ತೂತನ್ನು ಬಿರಡೆ ಹಾಕಿದ ಹಾಗೆ ಮುಚ್ಚಿತ್ತು. ಮೇಡಂ ಬಗ್ಗಿ ನೋಡಿದರು, ಒಂದು ಎಲೆ ಸವರಿದರು, ಅವರ ಮುಖ ಮೆತ್ತಗಾಯಿತು.

"ಊರಾಗ ನಾಕೆಕರೆ ಬಿತ್ತೀವ್ರೀ. ಈ ವರ್ಷ ಇಷ್ಟು ಚಲೋ ಎಲ್ಲೂ ಎದ್ದಿಲ್ಲ" ಅಂದರು.

ಮೇಷ್ಟ್ರಿಗೆ ಕೀಳೋಕೆ ಮನಸ್ಸಿಲ್ಲ. "ಇನ್ನೊಂದೆರಡು ದಿನ ಇರ್ಲೇನಪಾ?" ಅಂದರು. ನನ್ನ ಮದುವೆ ನೆನಪು ಮಾಡಿದ ಮೇಲೆ ಕಣ್ಣು ಬೇರೆ ಕಡೆ ತಿರುಗಿಸಿದರು. ಬೇರು ಸಮೇತ ಕಿತ್ತು ಹೊರಗೆ ಇಟ್ಟೆ. ತೂತಿಗೆ ಗಾಳಿ ಹೊಡೆದೆ. ಅರ್ತ್ ಬೋಲ್ಟು ಉಜ್ಜಿ ಗ್ರೀಸ್ ಹಚ್ಚಿದೆ. ಪ್ಲಗ್ಗು ಹೊಸದು ಹಾಕಿದೆ. ಬ್ರೇಕ್ ಒತ್ತಿದರೆ ಬ್ರೇಕ್ ಲೈಟು ಮಾತ್ರ ಹತ್ತಿತು. ರಿವರ್ಸಿನಲ್ಲೂ ರೇಡಿಯೋ ಹಾಡಿತು. ಟಾಪನ್ನು ಇಪ್ಪತ್ತು ಸಲ ತೆಗೆದು ಮುಚ್ಚಿದೆ, ಒಂದು ಸಲವೂ ತಡವರಿಸಲಿಲ್ಲ.

ತಿರುಗಿ ನೋಡಿದರೆ ನಮ್ಮ ಬೀದಿಯ ಹಸು ಅಂಗಡಿ ಮುಂದೆ ನಿಂತಿತ್ತು. ಎರಡು ವಾರ ನನ್ನ ನಿದ್ದೆ ಕೆಡಿಸಿದ ಎಲೆಕ್ಟ್ರಿಕಲ್ ಪ್ರಾಬ್ಲಮ್ಮನ್ನು ಅದು ಎರಡು ತುತ್ತಿಗೆ ತಿಂದು ಮುಗಿಸಿತು.

೬. ಬುಟ್ಟಿ

ಭಾನುವಾರ ಬಂತು. ನಾನು ಡ್ರೈವಿಂಗ್, ಪಕ್ಕದಲ್ಲಿ ಮೇಷ್ಟ್ರು, ಹಿಂದೆ ಅಮ್ಮ ಮತ್ತು ಸೋದರಮಾವ. ಅಮ್ಮನ ತಲೆ ಕೆದರಬಾರದು ಎಂದು ಟಾಪ್ ಮುಚ್ಚಿಕೊಂಡೇ ಹೋದೆವು. ರಾಜಾನುಕುಂಟೆಯಲ್ಲಿ ಎಲ್ಲರ ಮುಂದೆ ತೆಗೆಯೋದು ಅಂತ ಪ್ಲಾನು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ನೋಡೋಕೆ ಹೋಗುವಾಗ ಹೂವು, ಹಣ್ಣು, ತೆಂಗಿನಕಾಯಿ ತುಂಬಿದ ಬುಟ್ಟಿ ಒಯ್ಯುತ್ತೇವೆ, ಆದರೆ ಗಾಡಿಯಲ್ಲೇ ಬಿಟ್ಟಿರುತ್ತೇವೆ. ಮಾತು ಕುದುರಿದರೆ ಮಾತ್ರ ಇಳಿಸೋದು. ಹೆಣ್ಣಿನ ಮನೆಯವರು ಬುಟ್ಟಿ ಮುಟ್ಟಿದರು ಅಂದರೆ ಒಪ್ಪಿಗೆ. ಕುದುರದಿದ್ದರೆ ಬುಟ್ಟಿ ಮುಖ ತೋರಿಸದೆ ವಾಪಸ್, ದಾರಿಯಲ್ಲಿ ಬಾಳೆಹಣ್ಣು ತಿಂದುಕೊಂಡು ಬರೋದು. ಅಮ್ಮ ತಾನೇ ನಿಂತು ಬುಟ್ಟಿಯನ್ನು ಡಿಕ್ಕಿಯಲ್ಲಿ ಇಡಿಸಿದ್ದಳು. ಎತ್ತರದ ಬುಟ್ಟಿ, ಅಡ್ಡ ಬಂದ ಪ್ಲಾಸ್ಟಿಕ್ ತಟ್ಟೆಯನ್ನು ಮೇಲಕ್ಕೆತ್ತಿ ಜಾಗ ಮಾಡಿದ್ದಳು.

ಹುಡುಗಿಯ ತಂದೆ ಮನೆ ಮುಂದೆ ಕುರ್ಚಿ ಹಾಕಿ, ಕನ್ನಡಕ ಒರೆಸಿಕೊಂಡು ಕೂತಿದ್ದರು. ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದಿದ್ದರು. ಕಿಟಕಿಯ ಪರದೆ ಪಕ್ಕ ಒಂದು ಮುಖ ಕಂಡಿತು. ಫೋಟೋಗಿಂತ ಚೆನ್ನಾಗಿತ್ತು.

ನಾನು ಒಂದು ಸಣ್ಣ ಭಾಷಣ ಮಾಡಿದೆ. ಮೋಟಾರ್ ಎಲ್ಲಿದೆ, ಎಣ್ಣೆ ಹೇಗೆ ಒತ್ತುತ್ತದೆ, ಬೆಂಗಳೂರಲ್ಲಿ ಇದು ಎಷ್ಟು ಜನಕ್ಕೆ ಗೊತ್ತು, ಎಲ್ಲಾ. ಆಮೇಲೆ ಬಟನ್ ಒತ್ತಿದೆ. ಕಿಟಕಿಗಳು ಇಳಿದವು. ಟಿಂಗ್ ಅಂದಿತು. ಅಷ್ಟೇ.

ಹುಡುಗಿಯ ತಂದೆ ಒಂದು ನಿಮಿಷ ಕಾದರು. "ಕಿಟಕಿ ನಮ್ಮ ಬಸ್ಸಲ್ಲೂ ಇಳೀತಿತ್ತಪ್ಪ" ಅಂದರು.

ಮತ್ತೆ ಒತ್ತಿದೆ. ಟಿಂಗ್. ಫ್ಯೂಸ್ ನೋಡಿದೆ, ಸರಿಯಿತ್ತು. ರಿಲೇ ಸರಿಯಿತ್ತು. ಬ್ಯಾಟರಿ ಸರಿಯಿತ್ತು. ಕೈಗುಣ ಒಂದು ಬಿಟ್ಟು ಎಲ್ಲಾ ಸರಿಯಿತ್ತು. ಆದರೂ ಬಾಯಿ ನಿಲ್ಲಿಸಲಿಲ್ಲ. "ಇದೀಗ ಮುಖ್ಯವಾದ ಹಂತ" ಎಂದು ಜನಕ್ಕೆ ಹೇಳುತ್ತಲೇ ಮೋಟಾರಿನ ಪ್ಲಗ್ ನೋಡೋಣ ಅಂತ ಡಿಕ್ಕಿ ತೆಗೆದೆ. ಬುಟ್ಟಿ ಅಡ್ಡ ಇತ್ತು. ಕೈ ಹಾಕಿದೆ. ಅಮ್ಮ ಓಡಿ ಬಂದು ಕೈ ಮೇಲೆ ಹೊಡೆದಳು.

"ಮುಟ್ಬ್ಯಾಡ ಕಣ್ಲಾ. ಒಪ್ಗೆ ಆಗ್ದೆ ಬುಟ್ಟಿ ಇಳ್ಸಂಗಿಲ್ಲ."

"ಅಮ್ಮ, ಟಾಪ್ ತೆಗೀದೆ ಒಪ್ಪಿಗೆ ಆಗಲ್ಲ."

"ಅಂಗಾರೆ ತೆಗಿ."

"ತೆಗೀಬೇಕಾದ್ರೆ ಬುಟ್ಟಿ ಇಳಿಸ್ಬೇಕು."

"ಒಪ್ಗೆ ಆಗ್ದೆ ಎಂಗ್ಲಾ ಇಳ್ಸೋದು?"

ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಂದು, "ತಮ್ಮಾ, ಈ ಲೆಕ್ಕಕ್ಕ ಉತ್ತರ ಇಲ್ಲ" ಅಂದರು.

ಆಗ ಹುಡುಗಿ ಹೊರಗೆ ಬಂದಳು, ಕೈಯಲ್ಲಿ ಒಂದು ಲೋಟ ನೀರು. ಕಾಫಿಯಲ್ಲ, ಕಾಫಿ ಟಾಪ್ ಆದಮೇಲೆ. ನೀರು ಕೊಟ್ಟು ಅವಳು ವಾಪಸ್ ಹೋಗಲಿಲ್ಲ. ಡಿಕ್ಕಿಯೊಳಗೆ ಬಗ್ಗಿ ನೋಡಿದಳು.

"ಈ ಸ್ಟಿಕರ್ ಯಾರ್ದು?"

"ನಂದೇ" ಅಂದೆ, ಆ ಕಷ್ಟದಲ್ಲೂ ಎದೆ ಉಬ್ಬಿತು. "ಫೋನ್ ನಂಬರೂ ಇದೆ."

"ಇದರ ಕೆಳಗೆ ಇನ್ನೊಂದು ಇದೆಯಲ್ಲ" ಎಂದು ಮೂಲೆಗೆ ಉಗುರು ಹಾಕಿ ಕೆರೆದು ಕೆರೆದು ಎಳೆದಳು. 'ಎಲ್ಲಾ ಕಾರುಗಳ ತಜ್ಞರು' ಕೊನೆಗೂ ಅವಳ ಕೈಗೆ ಬಂದರು. ಕೆಳಗೆ ಎರಡು ಚಿತ್ರ ಇದ್ದವು. ಒಂದರಲ್ಲಿ ತಟ್ಟೆ ಮೇಲಿದೆ, ಕೆಳಗೆ ಪೆಟ್ಟಿಗೆ ಇದೆ, ಟಾಪಿನ ಮೇಲೆ ಕೆಂಪು ಅಡ್ಡಗೆರೆ. ಇನ್ನೊಂದರಲ್ಲಿ ತಟ್ಟೆ ಕೆಳಗಿದೆ, ಟಾಪ್ ತೆರೆದಿದೆ.

"ತಟ್ಟೆ ಕೆಳಗಿದ್ರೆ ಮಾತ್ರ ಟಾಪ್ ಕೆಲಸ ಮಾಡುತ್ತಂತೆ. ಸಾಮಾನಿಟ್ಟು ಅದನ್ನ ಎತ್ತಿದ್ರೆ ಇಲ್ಲ. ಮಡಚಿದ ಟಾಪ್ ಬಂದು ಕೂರೋ ಜಾಗ ಅದು" ಅಂದಳು. ಲ್ಯಾಬಿನಲ್ಲಿ ಬಾಟಲಿ ಮೇಲಿನ ಚೀಟಿ ಓದೋ ದನಿ.

ಮೇಷ್ಟ್ರ ಮುಖದಲ್ಲಿ ಬೆಳಕು ಹತ್ತಿತು. "ಹಂಗಾರ ಅವತ್ತು ಜೋಳದ ಚೀಲ ಇಳಿಸಿದ ಕೂಡಲೇ..." ಎಂದು ಶುರು ಮಾಡಿದರು. ನಾನು ಅವರ ಕಾಲು ತುಳಿದೆ. ಅವರು ದೊಡ್ಡ ಮನುಷ್ಯ, ವಾಕ್ಯ ಅಲ್ಲಿಗೇ ಬಿಟ್ಟರು.

ಯಾರೂ ಏನೂ ಹೇಳುವ ಮೊದಲು ಅವಳು ಎರಡೂ ಕೈಯಲ್ಲಿ ಬುಟ್ಟಿ ಎತ್ತಿ, ಸೊಂಟಕ್ಕಿಟ್ಟುಕೊಂಡು ಹೋಗಿ ಜಗಲಿ ಮೇಲೆ ಇಟ್ಟಳು. ತಟ್ಟೆ ಟಪ್ ಅಂತ ಬಿತ್ತು. ನಾನು ಡಿಕ್ಕಿ ಹಾಕಿ ಬಟನ್ ಒತ್ತಿದೆ. ಟಾಪ್ ಎದ್ದಿತು, ಮಡಚಿತು, ಹಿಂದೆ ಹೋಗಿ ಮಲಗಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಅಮ್ಮ ಟಾಪಿನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಜಗಲಿಯ ಮೇಲಿತ್ತು.

"ಬುಟ್ಟಿ ಇಳ್ಸುದ್ಲು" ಅಂದಳು.

"ಅದು ಟಾಪ್ ತೆಗೆಯೋಕೆ ಇಳಿಸಿದ್ದು ಕಣಮ್ಮ" ಅಂದರು ಹುಡುಗಿಯ ತಂದೆ.

"ಯಾತಕ್ಕಾದ್ರೂ ಆಗ್ಲಿ ಬೀಗ್ರೆ. ಇಳೀತಲ್ಲ."

ಬೀಗರು ಅನ್ನಿಸಿಕೊಂಡ ಮನುಷ್ಯ ಮಗಳನ್ನೇ ಕೇಳಿದರು: "ಹುಡುಗನ್ನ ಏನಾದ್ರೂ ಕೇಳ್ಬೇಕೇನಮ್ಮಾ?"

ಅವಳು ನನ್ನ ಕಡೆ ತಿರುಗಿದಳು. "ಆ ಚಿತ್ರ ನೀವು ಮೊದಲೇ ನೋಡಿರ್ಲಿಲ್ವಾ?"

"ನೋಡಿದ್ದೆ" ಅಂದೆ. "ನಿಮ್ಮ ಮನೆಯವರಿಗೆ ಗೊತ್ತಾಗುತ್ತಾ ಅಂತ ಪರೀಕ್ಷೆ ಮಾಡ್ದೆ."

"ನಾನು ಪಾಸಾದ್ನಾ?"

"ಫಸ್ಟ್ ಕ್ಲಾಸ್."

"ಸರಿ. ನಿಮ್ಮ ರಿಸಲ್ಟ್ ಸಂಜೆ ಬರುತ್ತೆ" ಎಂದು ಒಳಗೆ ಹೋದಳು. ಟಾಪ್ ಮುಚ್ಚಿ ತೋರಿಸಿದ ಮೇಲೆ ಕಾಫಿ ಬಂತು. ನಾನು ಅದರಲ್ಲಿ ಸಕ್ಕರೆ ಇತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಸಂಜೆ ಆರಕ್ಕೆ ಅಂಗಡಿಯಲ್ಲಿ ಸುಮ್ಮನೆ ಒಂದು ಹಾರ್ನ್ ಬಿಚ್ಚಿ, ಜೋಡಿಸಿ, ಬಿಚ್ಚುತ್ತಾ ಕೂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಆಟೋ ಎಲೆಕ್ಟ್ರಿಕಲ್ಸಾ?"

"ಹೌದು ಮೇಡಂ, ಹೇಳಿ. ಯಾವ ಗಾಡಿ?"

"ಗಾಡಿ ಇಲ್ಲ. ಬೆಳಿಗ್ಗೆ ಬುಟ್ಟಿ ಇಳಿಸಿದೋಳು."

ಹಾರ್ನ್ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ನೋವು ಆಮೇಲೆ ಗೊತ್ತಾಯಿತು. "ನನ್ನ ನಂಬರ್ ಹೇಗೆ ಸಿಕ್ತು?" ಅಂದೆ.

"ನಿಮ್ಮ ಸ್ಟಿಕರ್ ನನ್ನ ಕೈಗೇ ಅಂಟ್ಕೊಂಡಿತ್ತು. ಈಗ ನಮ್ಮ ಫ್ರಿಜ್ ಮೇಲಿದೆ. ಎಷ್ಟು ಚೆನ್ನಾಗಿ ಉಜ್ಜಿ ಅಂಟಿಸಿದ್ರಿ, ಅರ್ಧ ಉಗುರು ಹೋಯ್ತು ಕೀಳೋಕೆ."

"ರಿಸಲ್ಟ್?"

"ಪಾಸ್. ಆದ್ರೆ ಒಂದು ಮಾತು. ಇನ್ಮೇಲೆ ಓದೋ ಕೆಲಸ ನಂದು, ರಿಪೇರಿ ನಿಮ್ದು."

ಈಗ ನಮ್ಮ ಅಂಗಡಿಗೆ ಯಾವ ಹೊಸ ಥರದ ಗಾಡಿ ಬಂದರೂ ಮೊದಲು ಅದರ ಪುಸ್ತಕ ನಮ್ಮ ಮನೆಗೆ ಹೋಗುತ್ತದೆ. ಆ ಸ್ಟಿಕರ್ ಮದುವೆಯಾದ ಮೇಲೆ ಅವಳ ಜೊತೆಗೇ ಬಂದು ಈಗ ನಮ್ಮ ಮನೆಯ ಫ್ರಿಜ್ ಮೇಲಿದೆ. ಆವತ್ತು ನಾನು ತಪ್ಪು ಜಾಗಕ್ಕೆ ಅಂಟಿಸಿದೆ ಎಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಾನು ಒಪ್ಪುವುದಿಲ್ಲ. ನೂರಾರು ಗಾಡಿಗೆ ಸ್ಟಿಕರ್ ಅಂಟಿಸಿದ್ದೇನೆ. ಅದನ್ನು ನೋಡಿ ಇವತ್ತಿನವರೆಗೆ ಫೋನ್ ಮಾಡಿದ್ದು ಒಬ್ಬಳೇ, ಅದೂ ಅಷ್ಟು ಸರಿಯಾದ ಜಾಗಕ್ಕೆ ಅಂಟಿಸಿದ್ದಕ್ಕೆ. ಕೈಗುಣ ಅಂದರೆ ಅದು.